ಮನೆಮಾತು, ಶಾಲೆಯ ಮಾತು ಮತ್ತು ಇಂಗ್ಲಿಷ್: ತಿರುಳ್ಗನ್ನಡ ನಾಡಿನ ಒಂದು ಪ್ರಶ್ನೆ

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ಗುರುತಿಸಿ, ಅದರೊಳಗೂ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವನ್ನು ಕನ್ನಡದ ತಿರುಳೆಂದು ಕರೆದಿರುವುದು ಸಾಹಿತ್ಯಾಭ್ಯಾಸಿಗಳೆಲ್ಲರಿಗೂ ತಿಳಿದ ಸಂಗತಿ. ಈ ನಾಲ್ಕರಲ್ಲಿ ಕೊಪಣವೆಂದರೆ ಇಂದಿನ ಕೊಪ್ಪಳ. ಜೈನರಿಗೆ ಅದು ಮಹಾತೀರ್ಥ. ಬಸದಿಗಳಿಂದಲೂ ನಿಸಿದಿಗಳಿಂದಲೂ ತುಂಬಿದ್ದ ನಗರ. ಕನ್ನಡ ಕಾವ್ಯಭಾಷೆಗೆ ಮಾನದಂಡವನ್ನು ಒದಗಿಸಿದ ಈ ನೆಲದಲ್ಲಿ ಇಂದು ತಂದೆತಾಯಿಗಳು ಕೇಳುತ್ತಿರುವ ಮೊದಲ ಪ್ರಶ್ನೆ, 'ಮಗುವಿಗೆ ಇಂಗ್ಲಿಷ್ ಬರುವುದು ಯಾವ ಶಾಲೆಯಲ್ಲಿ?' ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೆ ಉತ್ತರ ಹುಡುಕುವವರು ಅದಕ್ಕಿಂತ ಮೊದಲಿನ ಇನ್ನೊಂದು ಪ್ರಶ್ನೆಯನ್ನು ದಾಟಿ ಹೋಗುತ್ತಿದ್ದಾರೆ: ಆ ಮಗುವಿನ ಮನೆಯಲ್ಲಿ ಆಡುವ ಮಾತು ಯಾವುದು?

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಾಗ ಅದರಲ್ಲಿದ್ದುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳು. ಕುಕನೂರು, ಕಾರಟಗಿ, ಕನಕಗಿರಿಗಳು ತಾಲೂಕುಗಳಾದದ್ದು ಆಮೇಲೆ. ಈ ನಾಲ್ಕರ ಭಾಷಾಸ್ಥಿತಿ ಒಂದೇ ತೆರನಾದುದಲ್ಲ. ಯಲಬುರ್ಗಾ, ಕುಷ್ಟಗಿಗಳು ಜೋಳ, ಸಜ್ಜೆಗಳ ಒಣಬೇಸಾಯದ ಸೀಮೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ ಹೋಗುವ ಸೀಮೆ. ಇಲ್ಲಿಯ ಊರುಗಳು ಬಹುಮಟ್ಟಿಗೆ ಕನ್ನಡದವು. ಆದರೆ ಊರಿನಾಚೆಯ ತಾಂಡಾಗಳಲ್ಲಿ ಲಂಬಾಣಿ ಮಾತು. ಗಂಗಾವತಿಯದು ಬೇರೆಯೇ ಕಥೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ, ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು ನೆಲೆಸಿದರು. ಅವರ ನೆಲೆಗಳಿಗೆ ಇಂದಿಗೂ 'ಕ್ಯಾಂಪು' ಎಂದೇ ಹೆಸರು. ಭತ್ತದ ಗದ್ದೆಗಳ ನಡುವಿನ ಆ ಮನೆಗಳಲ್ಲಿ ತೆಲುಗು ಮೂರು ತಲೆಮಾರುಗಳಿಂದ ಉಳಿದುಬಂದಿದೆ. ಭೋವಿ ಸಮುದಾಯದ ಹಲವು ಮನೆಗಳಲ್ಲಿಯೂ ತೆಲುಗಿನ ಒಂದು ರೂಪವಿದೆ. ನಾಲ್ಕೂ ಊರುಗಳ ಪೇಟೆಗಳಲ್ಲಿ ಮುಸ್ಲಿಂ ಮನೆಗಳ ದಖನಿ, ವ್ಯಾಪಾರಿ ಕುಟುಂಬಗಳ ಮಾರವಾಡಿ ಕಿವಿಗೆ ಬೀಳುತ್ತವೆ. ತಿರುಳ್ಗನ್ನಡದ ನಾಡು ಇಂದು ಹೀಗೆ ಹಲವು ಒಲೆಗಳ, ಹಲವು ಮಾತುಗಳ ನಾಡು.

ಕನ್ನಡವೇ ಮನೆಮಾತಾದ ಮಗುವಿಗೂ ಶಾಲೆಯ ಪಠ್ಯದ ಕನ್ನಡ ತನ್ನದೆನಿಸುವುದು ಕೂಡಲೇ ಅಲ್ಲ. ಮನೆಯಲ್ಲಿ 'ಉಳ್ಳಾಗಡ್ಡಿ'ಯಾದದ್ದು ಪುಸ್ತಕದಲ್ಲಿ 'ಈರುಳ್ಳಿ'. ಹೊಲದಲ್ಲಿ 'ಸೇಂಗಾ' ಆದದ್ದು ಪುಸ್ತಕದಲ್ಲಿ 'ಕಡಲೆಕಾಯಿ'. 'ಮಾಡಾಕತ್ತೀನಿ' ಎಂದ ಮಗುವನ್ನು ತಿದ್ದಿ 'ಮಾಡುತ್ತಿದ್ದೇನೆ' ಎನ್ನಿಸುವಾಗ ಅದು ಕಲಿಯುವುದು ಹೊಸ ರೂಪವನ್ನಷ್ಟೇ ಅಲ್ಲ, ತನ್ನ ಮನೆಯವರು ಆಡುವುದು ತಪ್ಪು ಎಂಬ ಭಾವನೆಯನ್ನೂ ಹೌದು. ದೇಸಿ ಬೇರೆಬೇರೆಯಾಗಿರುವುದರಿಂದ ಕನ್ನಡಗಳ ಭೇದಗಳನ್ನು ವಾಸುಕಿಯೂ ಎಣಿಸಲಾರನೆಂಬ ಅರಿವು ಕವಿರಾಜಮಾರ್ಗಕಾರನಿಗಿತ್ತು. ಉರ್ದು ಶಾಲೆಗೆ ಹೋಗುವ ಮಗುವಿನ ಪಾಡೂ ಇದೇ: ಮನೆಯಲ್ಲಿ ಬೇಡವೆನ್ನಲು 'ನಕ್ಕೋ' ಎನ್ನುವ ದಖನಿಯ ಮಗುವಿಗೆ ಪಠ್ಯದ ಶಿಷ್ಟ ಉರ್ದು ಅರ್ಧ ಪರಿಚಿತ, ಅರ್ಧ ಅಪರಿಚಿತ.

ಜನಗಣತಿಯ ಪಟ್ಟಿಗಳು ಈ ವೈವಿಧ್ಯವನ್ನು ಪೂರ್ಣವಾಗಿ ತೋರಿಸುವುದಿಲ್ಲ. ಲಂಬಾಣಿಯನ್ನು ಮಾತೃಭಾಷೆಯೆಂದು ಬರೆಸಿದವರು 2011ರಲ್ಲಿ ದೇಶದಾದ್ಯಂತ 30 ಲಕ್ಷಕ್ಕೂ ಹೆಚ್ಚು. ಆದರೆ ಪ್ರಕಟಿತ ಕೋಷ್ಟಕಗಳಲ್ಲಿ ಅವರನ್ನು ಹಿಂದಿಯ ಶೀರ್ಷಿಕೆಯ ಕೆಳಗೆ ಸೇರಿಸಲಾಗಿದೆ. ಕುಷ್ಟಗಿಯ ತಾಂಡಾದ ತಾಯಿ ಮಗುವನ್ನು ಕರೆಯುವ ಮಾತು ಲೆಕ್ಕದಲ್ಲಿ ಹಿಂದಿಯಾಗುತ್ತದೆ. ಆ ತಾಯಿಗೆ ಹಿಂದಿ ಬರಬೇಕೆಂದೇನೂ ಇಲ್ಲ. ಇಂಗ್ಲಿಷಿನ ಅಂಕಿಗಳೂ ಹೀಗೆಯೇ ಬಿಡಿಸಿ ಓದಬೇಕಾದವು. ಅದೇ ಗಣತಿಯಲ್ಲಿ ಇಂಗ್ಲಿಷ್ ಮಾತೃಭಾಷೆಯೆಂದವರು ಇಡೀ ಭಾರತದಲ್ಲಿ ಸುಮಾರು 2.6 ಲಕ್ಷ ಮಾತ್ರ. ಎರಡನೆಯ ಭಾಷೆಯಾಗಿ ಬರುತ್ತದೆಂದವರು ಸುಮಾರು 8.3 ಕೋಟಿ, ಮೂರನೆಯದಾಗಿ ಎಂದವರು ಸುಮಾರು 4.6 ಕೋಟಿ. ಈ 'ಬರುತ್ತದೆ' ಎಂಬುದು ಹೇಳಿಕೆಯೇ ಹೊರತು ಪರೀಕ್ಷಿಸಿ ಕಂಡದ್ದಲ್ಲ. ಒಟ್ಟಿನಲ್ಲಿ ಇಂಗ್ಲಿಷನ್ನು ಅರಿತ ಭಾರತೀಯರಲ್ಲಿ ಬಹುಪಾಲು ಜನ ಅದನ್ನು ಇನ್ನೊಂದು ಭಾಷೆಯ ಮೇಲೆ ನಿಂತೇ ಕಲಿತವರು.

ಇಂಗ್ಲಿಷ್ ಬೇಕೆಂಬ ಬಡವರ ಹಂಬಲವನ್ನು ಮೋಹವೆಂದು ಕರೆದು ಹಗುರಗೊಳಿಸುವುದು ನ್ಯಾಯವಲ್ಲ. ನ್ಯಾಯಾಲಯದ ತೀರ್ಪು, ಬ್ಯಾಂಕಿನ ಕಾಗದ, ವೈದ್ಯರ ಚೀಟಿ, ಉನ್ನತ ಶಿಕ್ಷಣ ಎಲ್ಲವೂ ಇಂಗ್ಲಿಷಿನಲ್ಲಿರುವಾಗ ತನ್ನ ಮಗು ಆ ಬಾಗಿಲಿನ ಹೊರಗೆ ನಿಲ್ಲಬಾರದೆಂದು ಗುಳೆ ಹೋದ ತಂದೆ ಬಯಸಿದರೆ ಅದು ಅನುಭವದಿಂದ ಬಂದ ವಿವೇಕ. ಮನೆಯಲ್ಲಿ ಮಕ್ಕಳೊಂದಿಗೆ ಇಂಗ್ಲಿಷಿನಲ್ಲಿಯೇ ಮಾತನಾಡುವವರು ಈ ತಂದೆಗೆ ಮಾತ್ರ ಕನ್ನಡ ಶಾಲೆಯ ಮಹಿಮೆಯನ್ನು ಬೋಧಿಸುವಾಗ ಆತನಿಗೆ ನಂಬಿಕೆ ಬಾರದಿದ್ದರೆ ಆಶ್ಚರ್ಯವಿಲ್ಲ.

ರಾಜ್ಯದ ಭಾಷಾನೀತಿಯೂ ಈ ಹಂಬಲದ ಜೊತೆ ಜಗ್ಗಾಡುತ್ತಲೇ ಬಂದಿದೆ. ಗೋಕಾಕ್ ಸಮಿತಿಯ ವರದಿ ಬಂದದ್ದು 1981ರಲ್ಲಿ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು 1994ರ ಸರ್ಕಾರಿ ಆದೇಶ ಹೇಳಿತು. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ 2007-08ರಲ್ಲಿ ಬಂದಿತು. ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ಮಗುವಿನದು ಮತ್ತು ಅದರ ಪರವಾಗಿ ಪಾಲಕರದು ಎಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ತೀರ್ಪಿತ್ತಿತು. 2019-20ರಲ್ಲಿ ಸರ್ಕಾರವೇ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ನಾಲ್ಕು ದಶಕಗಳ ಈ ವಾದವಿವಾದವೆಲ್ಲ 'ಕನ್ನಡವೋ ಇಂಗ್ಲಿಷೋ' ಎಂಬ ಎರಡು ದಡಗಳ ನಡುವೆಯೇ ಸಾಗಿತು. ತಾಂಡಾದ ಮಾತಿಗೆ, ಕ್ಯಾಂಪಿನ ಮಾತಿಗೆ, ಕೊಪ್ಪಳ ಸೀಮೆಯ ಆಡುಗನ್ನಡಕ್ಕೆ ಆ ಚರ್ಚೆಯಲ್ಲಿ ಸ್ಥಾನ ಸಿಕ್ಕಿದ್ದು ಅತ್ಯಲ್ಪ.

ಮಾಧ್ಯಮವನ್ನು ಪ್ರಭುತ್ವವೆಂದು ತಿಳಿದುದೇ ಇಲ್ಲಿಯ ಮುಖ್ಯ ದೋಷ. ಫಲಕದ ಮೇಲೆ ಇಂಗ್ಲಿಷ್ ಮಾಧ್ಯಮವೆಂದು ಬರೆದ ಮಾತ್ರಕ್ಕೆ ಒಳಗಿನ ಪಾಠ ಇಂಗ್ಲಿಷಿನಲ್ಲಿ ನಡೆಯುವುದಿಲ್ಲ. ಬೋಧಕರಿಗೆ ಆ ಭಾಷೆ ಸಲೀಸಾಗಿ ಬಾರದಿರುವಲ್ಲಿ ಪಾಠ ವಿವರಣೆಯಾಗುವುದಿಲ್ಲ, ಕಂಠಪಾಠವಾಗುತ್ತದೆ. ಪ್ರಶ್ನೆಗೆ ಉತ್ತರವನ್ನು ಗುರುತುಹಾಕಿಕೊಟ್ಟು, ಮಗು ಅದನ್ನು ಬಾಯಿಪಾಠ ಮಾಡಿ, ಬರೆದು, ಅಂಕ ಪಡೆಯುತ್ತದೆ. ಅದೇ ಉತ್ತರವನ್ನು ಬೇರೆ ಮಾತಿನಲ್ಲಿ ಹೇಳೆಂದರೆ ಇಂಗ್ಲಿಷಿನಲ್ಲಿಯೂ ಬಾರದು, ಕನ್ನಡದಲ್ಲಿಯೂ ಬಾರದು. ಓದಿದ್ದು ಅರ್ಥವಾಗುವುದು, ಅರ್ಥವಾದದ್ದನ್ನು ಸ್ವಂತ ವಾಕ್ಯದಲ್ಲಿ ಹೇಳಬರುವುದು, ಹೇಳಿದ್ದನ್ನು ಸಮರ್ಥಿಸಬರುವುದು: ಇವೇ ಯಾವುದೇ ಭಾಷೆಯ ಪ್ರಭುತ್ವದ ಲಕ್ಷಣಗಳು. ಇವು ಯಾವ ಭಾಷೆಯಲ್ಲಿಯೂ ಸಿದ್ಧಿಸದೆ ಹತ್ತನೆಯ ತರಗತಿಯನ್ನು ದಾಟುವ ಮಗುವೇ ಇಂದಿನ ನಿಜವಾದ ಕಳವಳದ ವಿಷಯ.

ಈ ನೆಲಕ್ಕೆ ಅಧಿಕಾರದ ಪರಭಾಷೆ ಹೊಸದಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನು ಬರೆಯಿಸಿದ ಶಾಸನಗಳಿವೆ. ಅವುಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆ ಬಳಿಕ ಸಂಸ್ಕೃತ, ನಂತರ ಪರ್ಷಿಯನ್, ಕೊನೆಗೆ ಉರ್ದು ಬಂದವು. 1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಕಚೇರಿಯ ಭಾಷೆ ಉರ್ದು, ಶಿಕ್ಷಣದ ಮೇಲ್ಮೆಟ್ಟಿಲುಗಳೂ ಉರ್ದುವಿನವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಉನ್ನತ ಶಿಕ್ಷಣದ ಮಾಧ್ಯಮವಾಗಿಸಿಕೊಂಡು, ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಇರಿಸಿಕೊಂಡಿತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣವೆಂಬ ಆ ಪ್ರಯೋಗ ನಿಜಕ್ಕೂ ದೊಡ್ಡದು. ಆದರೆ ಸಂಸ್ಥಾನದ ಬಹುಸಂಖ್ಯಾತ ಪ್ರಜೆಗಳ ಮನೆಮಾತು ಉರ್ದುವಲ್ಲ. ತೆಲುಗು, ಮರಾಠಿ, ಕನ್ನಡ. ಆಳುವವರು ಯಾವುದನ್ನು ನಾಡಿನ ಭಾಷೆಯೆಂದು ತಿಳಿದರೋ ಅದು ಯಲಬುರ್ಗಾದ ಮಗುವಿಗೆ ಪರಭಾಷೆಯಾಗಿತ್ತು.

ಆ ಕಾಲದ ಮಗುವೊಂದು ಹೇಗೆ ಬೆಳೆಯಿತೆಂಬುದಕ್ಕೆ ಸಿದ್ಧಯ್ಯ ಪುರಾಣಿಕರು ಒಳ್ಳೆಯ ನಿದರ್ಶನ. ಯಲಬುರ್ಗಾ ತಾಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ಅವರು ಹೈದರಾಬಾದಿನ ಶಿಕ್ಷಣ ಪಡೆದು, ಅಲ್ಲಿಯ ಆಡಳಿತ ಸೇವೆಗೆ ಸೇರಿ, ಮುಂದೆ ಭಾರತೀಯ ಆಡಳಿತ ಸೇವೆಯ ಅಧಿಕಾರಿಯಾದರು. 'ಕಾವ್ಯಾನಂದ' ಎಂಬ ಹೆಸರಿನಿಂದ ಕನ್ನಡ ಕವಿಯಾದರು. ಉರ್ದು ಅವರನ್ನು ಕನ್ನಡದಿಂದ ಕೀಳಲಿಲ್ಲ. ಏಕೆಂದರೆ ಶಾಲೆಗೆ ಮೊದಲೇ ಪುರಾಣ ಪ್ರವಚನಗಳ ಮನೆತನದಲ್ಲಿ ಕನ್ನಡ ಅವರಲ್ಲಿ ಬೇರೂರಿತ್ತು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಶಾಲೆಗೆ 'ಹಮ್‌ದರ್ದ್' ಎಂಬ ಉರ್ದು ಹೆಸರಿತ್ತು. ಆ ಶಾಲೆ ಆ ಭಾಗದಲ್ಲಿ ಕನ್ನಡಕ್ಕೂ ಆಶ್ರಯವಾಯಿತು. ಆದರೆ ಇಂತಹವರ ಹೆಸರುಗಳು ಉಳಿದಿರುವುದು ಅವರು ವಿರಳವಾಗಿದ್ದುದರಿಂದ. ಮನೆಯಲ್ಲಿ ಓದು ಬರಹವಿಲ್ಲದ, ಶಾಲೆಯ ಭಾಷೆ ತಿಳಿಯದ ಅಸಂಖ್ಯ ಮಕ್ಕಳು ಆ ಬಾಗಿಲಿನಿಂದಲೇ ಹಿಂದಿರುಗಿದರು. ಈ ಭಾಗ ಇಂದಿಗೂ ಹೊತ್ತಿರುವ ಶೈಕ್ಷಣಿಕ ಹಿಂದುಳಿದಿರುವಿಕೆಯಲ್ಲಿ ಆ ಕಾಲದ ಪಾಲೂ ಇದೆ.

1956ರ ನವೆಂಬರ್ 1ರಂದು ಈ ಪ್ರದೇಶ ಕನ್ನಡ ರಾಜ್ಯವನ್ನು ಸೇರಿತು. ಕನ್ನಡದ ಮಗುವಿಗೆ ಕನ್ನಡದ ಶಾಲೆ ದೊರೆಯಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ ಒದಗಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಉರ್ದುವಿಗೆ ಶಾಲೆಗಳಾದವು. ಸ್ವಂತ ಲಿಪಿಯಿಲ್ಲದ ಲಂಬಾಣಿಗೆ ಏನೂ ಆಗಲಿಲ್ಲ. ಮನೆಯಲ್ಲಿ ತಾಯಿಯನ್ನು 'ಯಾಡಿ' ಎಂದು ಕರೆದು ಬಂದ ಮಗುವಿಗೆ ಮೊದಲ ದಿನವೇ 'ಅ ಅರಸ, ಆ ಆನೆ' ಎಂದು ಆರಂಭಿಸಿ, ಅದರ ಮೇಲೆಯೇ ಇಂಗ್ಲಿಷಿನ ಅಕ್ಷರಮಾಲೆಯನ್ನೂ ಹೇರಲಾಗುತ್ತದೆ. ಎರಡು ಹೊಸ ಭಾಷೆ, ಎರಡು ಹೊಸ ಲಿಪಿ, ಒಂದೇ ವರ್ಷ. ಆ ಮಗು ಮೌನವಾಗಿ ಕುಳಿತರೆ ಅದನ್ನು ದಡ್ಡತನವೆಂದು ಬರೆದಿಡುವುದು ಸುಲಭ. ಉರ್ದುವಿನ ಕಾಲದಲ್ಲಿ ಕನ್ನಡದ ಮಗು ಅನುಭವಿಸಿದ್ದನ್ನು ಕನ್ನಡದ ಕಾಲದಲ್ಲಿ ತಾಂಡಾದ ಮಗು ಅನುಭವಿಸಬೇಕೇ? ಕನ್ನಡವು ಬೀದಿಯ, ಸಂತೆಯ, ನೆರೆಹೊರೆಯ ಭಾಷೆಯಾದ್ದರಿಂದ ಎರಡೂ ಪೂರ್ತಿ ಒಂದೇ ಅಲ್ಲವೆಂಬುದು ನಿಜ. ಆದರೂ ತಾನು ಪಟ್ಟ ನೋವನ್ನು ಮರೆತ ಭಾಷೆ ಇನ್ನೊಂದು ಭಾಷೆಯ ನೋವಿಗೆ ಕಿವುಡಾಗಬಾರದು.

ಇಂತಹ ಸಂದರ್ಭವನ್ನು ಪ್ರಾಚೀನ ಕನ್ನಡ ಸಾಹಿತ್ಯ ಹೇಗೆ ಎದುರಿಸಿತೆಂಬುದು ಇಲ್ಲಿ ಸ್ಮರಣೀಯ. 'ವಡ್ಡಾರಾಧನೆ'ಯ ಕಥೆಗಳು ಪ್ರಾಕೃತ ಗಾಹೆಯಿಂದ ಆರಂಭವಾಗುತ್ತವೆ. ಅದರ ಬೆನ್ನಿಗೇ ಕನ್ನಡದಲ್ಲಿ ಅರ್ಥ, ಬಳಿಕ ಕನ್ನಡದಲ್ಲಿಯೇ ಕಥೆ. ಶಾಸ್ತ್ರದ ಭಾಷೆಯನ್ನು ಕೈಬಿಡದೆ, ಕೇಳುವವರ ಭಾಷೆಯನ್ನೂ ಬದಿಗಿಡದೆ, ಒಂದರ ಕೈಹಿಡಿದು ಇನ್ನೊಂದಕ್ಕೆ ಕರೆದೊಯ್ಯುವ ಕ್ರಮ ಅದು. ಪಂಪನ ತಮ್ಮ ಜಿನವಲ್ಲಭನು ತೆಲುಗು ನಾಡಿನ ಕುರ್ಕ್ಯಾಲದಲ್ಲಿ ಹಾಕಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿವೆ. ಶಾಸ್ತ್ರದ ಮಾತು, ಮನೆತನದ ಮಾತು, ನೆಲದ ಮಾತು ಒಂದೇ ಬಂಡೆಯ ಮೇಲೆ ನೆಲೆ ಪಡೆದಿವೆ. ನಾಗವರ್ಮನ 'ಕರ್ಣಾಟಕ ಭಾಷಾಭೂಷಣ' ಕನ್ನಡಕ್ಕೆ ಸಂಸ್ಕೃತ ಸೂತ್ರಗಳಲ್ಲಿ ಬರೆದ ವ್ಯಾಕರಣ. ಬಲ್ಲ ಭಾಷೆಯ ಮೂಲಕ ಇನ್ನೊಂದು ಭಾಷೆಯನ್ನು ಅರಿಯುವುದು ಆ ಪರಂಪರೆಗೆ ಸಹಜ ಮಾರ್ಗವಾಗಿತ್ತು.

ಆಧುನಿಕ ಕಾಲದಲ್ಲಿಯೂ ಉದಾಹರಣೆಗಳಿವೆ. ಜ್ಞಾನಪೀಠ ಪಡೆದ ಎಂಟು ಕನ್ನಡ ಲೇಖಕರಲ್ಲಿ ಮೂವರ ಮನೆಮಾತು ಕನ್ನಡವಲ್ಲ: ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಮೂವರೂ ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು. ಮನೆಮಾತು ಬೇರೆಯಾದರೆ ಕನ್ನಡವೂ ಇಂಗ್ಲಿಷೂ ಬಾರವೆಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕಿಲ್ಲ. ಆದರೆ ಈ ಉದಾಹರಣೆಯನ್ನು ಎಚ್ಚರದಿಂದ ಬಳಸಬೇಕು. ಅವು ಅಕ್ಷರಸ್ಥ ಮನೆಗಳು. ಗಂಗಾವತಿಯ ಮಾರವಾಡಿ ವ್ಯಾಪಾರಿಯ ಮಗು ಮನೆಯಲ್ಲೊಂದು, ಅಂಗಡಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯನ್ನಾಡುತ್ತ ಯಾವುದರಲ್ಲಿಯೂ ಎಡವದಿರುವುದಕ್ಕೆ ಮನೆಯಲ್ಲಿ ಲೆಕ್ಕದ ಪುಸ್ತಕ, ಪತ್ರಿಕೆ, ಪಾಠ ಹೇಳಿಕೊಡುವವರು ಇರುವುದೇ ಕಾರಣ. 2011ರ ಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ. 68ರಷ್ಟು, ರಾಜ್ಯದ ಸರಾಸರಿ ಶೇ. 75. ಜಿಲ್ಲೆಯ ಮಹಿಳೆಯರಲ್ಲಿ ಅದು ಶೇ. 60ಕ್ಕೂ ಕಡಿಮೆ. ಕನ್ನಡವನ್ನೇ ಓದಲಾರದ ತಾಯಿ ಇಂಗ್ಲಿಷಿನ ಮನೆಪಾಠಕ್ಕೆ ನೆರವಾಗುವುದು ಹೇಗೆ? ಆದ್ದರಿಂದ ಹಲವು ಭಾಷೆಗಳಿರುವುದು ಇಂಗ್ಲಿಷಿಗೆ ಅಡ್ಡಿಯಲ್ಲ. ಯಾವ ಭಾಷೆಯಲ್ಲಿಯೂ ಓದಿನ ಆಸರೆ ಇಲ್ಲದಿರುವುದು ಅಡ್ಡಿ.

ಭಾಷಾ ಶಿಕ್ಷಣದ ವಿದ್ವಾಂಸರು ಹೇಳುತ್ತ ಬಂದಿರುವುದೂ ಇದನ್ನೇ. ಮಗುವಿನ ಶಿಕ್ಷಣ ಮಾತೃಭಾಷೆಯಲ್ಲಿ ಆರಂಭವಾಗಬೇಕೆಂದು ಯುನೆಸ್ಕೋ 1953ರ ವರದಿಯಲ್ಲಿ ಪ್ರತಿಪಾದಿಸಿತು. ಕೆನಡಾದ ಜಿಮ್ ಕಮಿನ್ಸ್ ಅವರು ಒಂದು ಭಾಷೆಯಲ್ಲಿ ಗಳಿಸಿದ ಓದಿನ ಸಾಮರ್ಥ್ಯ ಇನ್ನೊಂದಕ್ಕೂ ಒದಗಿಬರುತ್ತದೆ, ಭಾಷೆಗಳ ತಳದಲ್ಲಿ ಸಾಮಾನ್ಯವಾದ ಒಂದು ಸಾಮರ್ಥ್ಯವಿದೆ ಎಂದು ವಾದಿಸಿದರು. ಈ ಸೀಮೆಯ ತರಗತಿಯಲ್ಲಿ ಇದನ್ನು ಸುಲಭವಾಗಿ ಬಳಸಬಹುದು. ಕನ್ನಡದ 'ಮನೆಯಲ್ಲಿ', ತೆಲುಗಿನ 'ಇಂಟ್ಲೋ', ದಖನಿಯ 'ಘರ್ ಮೇಂ' ಇವೆಲ್ಲವುಗಳಲ್ಲಿ 'ಒಳಗೆ' ಎಂಬ ಅರ್ಥ ನಾಮಪದದ ನಂತರ ಬರುತ್ತದೆ. ಇಂಗ್ಲಿಷಿನ 'ಇನ್ ದ ಹೌಸ್'ನಲ್ಲಿ ಮೊದಲೇ ಬರುತ್ತದೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕರಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೆ. ಮೂಲ ಬೇರೆಯಾದರೂ ಈ ನಾಲ್ಕು ಮನೆಮಾತುಗಳ ಕಟ್ಟಡ ಇಷ್ಟು ಹತ್ತಿರವಿರುವಾಗ, ವ್ಯತ್ಯಾಸವನ್ನು ಒಮ್ಮೆ ಬಿಡಿಸಿ ತೋರಿದರೆ ಇಡೀ ತರಗತಿಗೆ ತಿಳಿಯುತ್ತದೆ. ಮನೆಮಾತನ್ನು ಬಾಗಿಲಾಚೆ ನಿಲ್ಲಿಸಿದ ಶಾಲೆಗೆ ಈ ಅನುಕೂಲ ದೊರೆಯುವುದೇ ಇಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ದೇಶಭಾಷೆಗಳು ಜಾತಿಯ ಹೊರೆ ಹೊತ್ತವು, ದಲಿತರಿಗೆ ಇಂಗ್ಲಿಷೇ ಬಿಡುಗಡೆಯ ಭಾಷೆ ಎಂಬ ವಾದವಿದೆ. ಅದರ ಹಿಂದಿನ ನೋವು ಸತ್ಯವಾದುದು. ಇಂಗ್ಲಿಷ್ ತೆರೆದ ಬಾಗಿಲುಗಳೂ ಸತ್ಯವಾದವು. ಆದರೆ ಅಂಬೇಡ್ಕರ್ ಅವರು ಲೋಕಕ್ಕೆ ಹೇಳಬೇಕಾದುದನ್ನು ಇಂಗ್ಲಿಷಿನಲ್ಲಿ ಬರೆದಂತೆಯೇ, ತಮ್ಮ ಜನರನ್ನು ಎಚ್ಚರಿಸಲು 1920ರಲ್ಲಿ 'ಮೂಕನಾಯಕ'ವನ್ನೂ 1927ರಲ್ಲಿ 'ಬಹಿಷ್ಕೃತ ಭಾರತ'ವನ್ನೂ ಮರಾಠಿಯಲ್ಲಿ ನಡೆಸಿದರು. ಎರಡೂ ಅವರಿಗೆ ಆಯುಧಗಳಾಗಿದ್ದವು. ಇಂಗ್ಲಿಷ್ ಬೇಡವೆನ್ನುವುದು ಈ ಲೇಖನದ ವಾದವಲ್ಲ. ಹೆಸರಿಗೆ ಮಾತ್ರದ ಇಂಗ್ಲಿಷನ್ನು ಬಡವರಿಗೆ ಮಾರಿ, ನಿಜವಾದ ಇಂಗ್ಲಿಷನ್ನು ಉಳ್ಳವರ ಮಕ್ಕಳಿಗೆ ಕಾದಿರಿಸುವುದು ಹಳೆಯ ಅಸಮಾನತೆಯ ಹೊಸ ರೂಪವೆಂಬುದೇ ಇಲ್ಲಿಯ ವಾದ.

ಮಾಡಬೇಕಾದ ಕೆಲಸಗಳು ಅಸಾಧ್ಯವೇನಲ್ಲ. ಶಾಲೆಗೆ ಸೇರಿಸುವಾಗ ಮಗುವಿನ ನಿಜವಾದ ಮನೆಮಾತನ್ನು ದಾಖಲಿಸಬೇಕು. ತಾಂಡಾ, ಕ್ಯಾಂಪುಗಳ ಶಾಲೆಗಳಲ್ಲಿ ಮೊದಲ ಎರಡು ವರ್ಷ ಆ ಮಾತನ್ನು ಬಲ್ಲವರೊಬ್ಬರು ತರಗತಿಯಲ್ಲಿರಬೇಕು. ಅದೇ ತಾಂಡಾದ ಓದಿದ ಹೆಣ್ಣುಮಗಳಿಗೆ ಈ ಹೊಣೆ ಕೊಟ್ಟರೆ ಮಗುವಿಗೂ ನೆರವು, ಆಕೆಗೂ ಉದ್ಯೋಗ. ಲಂಬಾಣಿಯ ಹಾಡು ಕಥೆಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಓದಿಸಿದರೆ ಮಗು ತನ್ನ ಮಾತಿನ ಮೂಲಕವೇ ಕನ್ನಡದ ಅಕ್ಷರವನ್ನು ಕಲಿಯುತ್ತದೆ. ಆಡುಗನ್ನಡವನ್ನು ತಪ್ಪೆನ್ನದೆ, ಶಿಷ್ಟಗನ್ನಡವನ್ನು ಅದರ ಪಕ್ಕದಲ್ಲಿಟ್ಟು ಕಲಿಸಬೇಕು. ಮೊದಲ ವರ್ಷಗಳ ಇಂಗ್ಲಿಷ್ ಕಿವಿಗೂ ನಾಲಿಗೆಗೂ ಸೇರಿದ್ದಾಗಿರಲಿ. ಬರವಣಿಗೆ ಕನ್ನಡದ ಓದು ಗಟ್ಟಿಯಾದ ಮೇಲೆ ಬರಲಿ. ನಾಲ್ಕನೆಯ ತರಗತಿ ಮುಗಿಸಿದ ಮಗು ಹೊಸದೊಂದು ಕನ್ನಡ ಪುಟವನ್ನು ತಾನೇ ಓದಿ ಅರ್ಥ ಹೇಳುವಂತಾಗುವುದೇ ಇಂಗ್ಲಿಷಿಗೂ ಮೊದಲ ಮೆಟ್ಟಿಲು. ಹಿರಿಯ ಪ್ರಾಥಮಿಕ ಹಂತಕ್ಕೆ ಇಂಗ್ಲಿಷನ್ನು ನಿಜವಾಗಿ ಬಲ್ಲ ಶಿಕ್ಷಕರನ್ನು ಕೊಡುವುದು ಹೊಸ ಫಲಕ ಬರೆಯಿಸುವುದಕ್ಕಿಂತ ಹೆಚ್ಚು ಖರ್ಚಿನ ಕೆಲಸ. ಫಲ ಕೊಡುವುದೂ ಅದೇ.

ಕೊಪಣದ ಬಂಡೆಗಳ ಮೇಲೆ ಪ್ರಾಕೃತ, ಸಂಸ್ಕೃತ, ಕನ್ನಡಗಳ ಅಕ್ಷರಗಳಿವೆ. ಬಂದ ಭಾಷೆಗಳನ್ನು ಈ ನೆಲ ತಿರಸ್ಕರಿಸಲಿಲ್ಲ. ಪ್ರಾಕೃತದಿಂದ ಕಥೆಯನ್ನು, ಸಂಸ್ಕೃತದಿಂದ ಕಾವ್ಯಮೀಮಾಂಸೆಯನ್ನು, ಉರ್ದುವಿನಿಂದ ಅರ್ಜಿ, ವಕೀಲ, ಜಮೀನು, ದಾವೆಗಳಂತಹ ನೂರಾರು ಶಬ್ದಗಳನ್ನು ಪಡೆದುಕೊಂಡು ತನ್ನದಾಗಿಸಿಕೊಂಡಿತು. ಪಡೆಯಬಲ್ಲ ಶಕ್ತಿ ಬಂದದ್ದು ನಿಲ್ಲಲು ತನ್ನದೊಂದು ನೆಲೆ ಇದ್ದುದರಿಂದ. ಇಂಗ್ಲಿಷನ್ನೂ ಹಾಗೆಯೇ ಪಡೆಯಬಹುದು. ಯಲಬುರ್ಗಾದ ಹೊಲದ ಮಗುವಿಗೆ, ಕುಷ್ಟಗಿಯ ತಾಂಡಾದ ಮಗುವಿಗೆ, ಗಂಗಾವತಿಯ ಕ್ಯಾಂಪಿನ ಮಗುವಿಗೆ, ಕೊಪ್ಪಳದ ಪೇಟೆಯ ಮಗುವಿಗೆ ತನ್ನ ಮನೆಮಾತು ನಾಚಿಕೆಯ ವಿಷಯವಲ್ಲವೆಂದು ಶಾಲೆಯೇ ಮೊದಲು ತಿಳಿಸಿಕೊಡಬೇಕು.